‘ಎಲ್ಲಾ ಒಂದೇ ಎಂಜಿನ್’ ಎಂಬ ಮಾತಿಗೆ ದುಡ್ಡು ಕೊಡಬೇಡಿ

ಮಾನ್ಯ ಸಂಪಾದಕರೇ,

2007ರಿಂದೀಚೆಗೆ ರಸ್ತೆಗಿಳಿದ ಸ್ವಿಫ್ಟ್, ಡಿಜೈರ್, ರಿಟ್ಜ್ ಡೀಸೆಲ್ ಕಾರುಗಳಿಗೆ ಈಗ ವಯಸ್ಸಾಗಿದೆ. ಬಾಡಿ ಗಟ್ಟಿಯಿದೆ, ಎಫ್‌ಸಿ ಮಾಡಿಸಿಕೊಂಡು ಇನ್ನೂ ಐದು ವರ್ಷ ಓಡಿಸೋಣ ಅನ್ನುವಷ್ಟರಲ್ಲಿ ಟೈಮಿಂಗ್ ಚೈನ್ ಹಾರಿಯೋ ಬೇರಿಂಗ್ ಹಿಡಿದೋ ಎಂಜಿನ್ ಕೈಕೊಡುತ್ತದೆ. ಆಗ ಗ್ಯಾರೇಜಿನಲ್ಲಿ ಕೇಳಿಬರುವ ಮೊದಲ ಸಲಹೆ, ‘ಗುಜರೀಲಿ ಎಂಜಿನ್ ಸಿಗುತ್ತೆ ಸಾರ್, ತಂದು ಕೂರಿಸಿಬಿಡೋಣ’. ಗುಜರಿಗೆ ಹೋದರೆ ಎರಡನೆಯ ಮಾತು, ‘ಸ್ವಿಫ್ಟ್‌ದಾದ್ರೇನು, ವಿಸ್ಟಾದಾದ್ರೇನು, ಎಲ್ಲಾ ಒಂದೇ ಎಂಜಿನ್’. ಈ ಎರಡನೆಯ ಮಾತನ್ನು ನಂಬಿ ಮುಂಗಡ ಕೊಟ್ಟು, ತಿಂಗಳುಗಟ್ಟಲೆ ಗಾಡಿಯನ್ನು ಗ್ಯಾರೇಜಿನಲ್ಲಿ ನಿಲ್ಲಿಸಿಕೊಂಡವರು ಊರೂರಿಗೂ ಸಿಗುತ್ತಾರೆ. ಆ ಮಾತಿನಲ್ಲಿ ಎಷ್ಟು ನಿಜವಿದೆ, ಎಲ್ಲಿ ಮೋಸ ಹೋಗುತ್ತೇವೆ ಎಂಬುದು ಓದುಗರಿಗೆ ತಿಳಿಯಲಿ ಎಂದು ಈ ಪತ್ರ ಬರೆಯುತ್ತಿದ್ದೇವೆ. ಸ್ವಲ್ಪ ದೀರ್ಘವಾಗಿದೆ, ದಯವಿಟ್ಟು ಪೂರ್ತಿ ಪ್ರಕಟಿಸಿ.

ನಿಜ ಇರುವುದು ಇಷ್ಟು. ಫಿಯಟ್ ರೂಪಿಸಿದ 1248 ಸಿಸಿಯ ಮಲ್ಟಿಜೆಟ್ ಎಂಜಿನ್ನನ್ನೇ ಮಾರುತಿ ‘ಡಿಡಿಐಎಸ್’ ಎಂದೂ ಟಾಟಾ ‘ಕ್ವಾಡ್ರಾಜೆಟ್’ ಎಂದೂ ಹೆಸರಿಟ್ಟು ಮಾರಿದವು. ಸ್ವಿಫ್ಟ್, ಡಿಜೈರ್, ರಿಟ್ಜ್, ಎಸ್‌ಎಕ್ಸ್4, ಎರ್ಟಿಗಾ, ಇಂಡಿಕಾ ವಿಸ್ಟಾ, ಮಾಂಜಾ, ಪುಂಟೊ, ಲೀನಿಯಾ, ಷೆವರ್ಲೆ ಸೇಲ್ ಎಲ್ಲಕ್ಕೂ ಮೂಲ ಒಂದೇ. ನಾಲ್ಕು ಸಿಲಿಂಡರ್, 16 ವಾಲ್ವ್, 69.6 ಮಿ.ಮೀ. ಬೋರ್, 82 ಮಿ.ಮೀ. ಸ್ಟ್ರೋಕ್. ಪಿಸ್ಟನ್ ಉಂಗುರ, ಬೇರಿಂಗ್, ಚೈನ್ ಕಿಟ್‌ಗಳನ್ನು ಒಂದರದು ಇನ್ನೊಂದಕ್ಕೆ ಹೊಂದಿಸುವುದು ಮೆಕ್ಯಾನಿಕ್‌ಗಳಿಗೆ ರೂಢಿಯಾಗಿರುವುದೂ ಇದರಿಂದಲೇ. ಆದರೆ ಕಾರಿನೊಳಗೆ ಕೂರುವುದು ಬರೀ ಬ್ಲಾಕ್ ಅಲ್ಲ. ಸಂಪ್ (ಎಂಜಿನ್ನಿನ ಅಡಿಯ ಎಣ್ಣೆ ತೊಟ್ಟಿ), ಮೌಂಟಿನ ಬ್ರಾಕೆಟ್, ನೀರಿನ ಪೈಪು, ಆಯಿಲ್ ಫಿಲ್ಟರಿನ ಮನೆ, ಟರ್ಬೊ, ಇಜಿಆರ್ (ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್ನಿಗೆ ಕಳಿಸುವ ವಾಲ್ವ್), ಸೆನ್ಸರುಗಳ ಪ್ಲಗ್, ವೈರಿಂಗ್, ಗೇರ್‌ಬಾಕ್ಸ್ ಜೋಡಿಸುವ ಮುಖ ಇವೆಲ್ಲ ಕಂಪನಿಗೊಂದು, ಕಾರಿಗೊಂದು ರೀತಿ. ಟಾಟಾ ಎಂಜಿನ್ನನ್ನು ಸ್ವಿಫ್ಟಿಗೆ ಕೂರಿಸಿದವರೂ ಇದ್ದಾರೆ. ಹಳೆಯ ಎಂಜಿನ್ನಿನಿಂದ ಹೆಚ್ಚುಕಡಿಮೆ ಹೊರಮೈಯನ್ನೆಲ್ಲ ಬಿಚ್ಚಿ ಹೊಸದಕ್ಕೆ ಹೊಂದಿಸಿಯೇ ಅವರು ಅದನ್ನು ಕೂರಿಸಿದ್ದು. ಆ ಕೂಲಿಯ ಲೆಕ್ಕ ಹಾಕಿದರೆ ಅಗ್ಗಕ್ಕೆ ಸಿಕ್ಕಿದ ಎಂಜಿನ್ ಅಗ್ಗವಾಗಿ ಉಳಿಯುವುದಿಲ್ಲ.

ಆದ್ದರಿಂದ ಹುಡುಕಾಟ ಶುರುವಾಗಬೇಕಾದ್ದು ನಿಮ್ಮ ಆರ್‌ಸಿಯಿಂದ. ಮಾರುತಿಯ ಈ ಎಂಜಿನ್ನಿನ ನಂಬರ್ ‘ಡಿ13ಎ’ ಎಂದು ಆರಂಭವಾಗುತ್ತದೆ. ಆರ್‌ಸಿಯಲ್ಲಿರುವ ಎಂಜಿನ್ ನಂಬರ್, ಗಾಡಿ ತಯಾರಾದ ತಿಂಗಳು ಮತ್ತು ವರ್ಷ, ಬಿಎಸ್3 ಅಥವಾ ಬಿಎಸ್4 (ಹೊಗೆ ಮಾಲಿನ್ಯದ ಮಾನದಂಡ) ಎಂಬ ವಿವರ, ಇಷ್ಟನ್ನು ಚೀಟಿಯಲ್ಲಿ ಬರೆದುಕೊಳ್ಳಿ. ಆಮೇಲೆ ನಿಮ್ಮ ಹಳೆಯ ಎಂಜಿನ್ನಿನ ನಾಲ್ಕೂ ಪಕ್ಕದ ಫೋಟೊ ತೆಗೆದು ಫೋನಿನಲ್ಲಿಟ್ಟುಕೊಳ್ಳಿ: ಟರ್ಬೊ ಕಡೆ, ಇಂಜೆಕ್ಟರ್ ಪಂಪ್ ಕಡೆ, ಬೆಲ್ಟ್ ಕಡೆ, ಗೇರ್‌ಬಾಕ್ಸ್ ಕಡೆ. ಗುಜರಿಯ ಅರೆಬೆಳಕಿನಲ್ಲಿ ಎಣ್ಣೆ ಮೆತ್ತಿದ ಎಂಜಿನ್ನಿನ ಮುಂದೆ ನಿಂತಾಗ ನೆನಪಿಗಿಂತ ಆ ಫೋಟೊಗಳೇ ಕೆಲಸಕ್ಕೆ ಬರುತ್ತವೆ.

ಮಾರುತಿಯೊಳಗೂ ಎರಡು ಜಾತಿ ಇವೆ ಎಂಬುದು ಅನೇಕರಿಗೆ ಗೊತ್ತಿಲ್ಲ. ಸ್ವಿಫ್ಟ್, ಡಿಜೈರ್, ರಿಟ್ಜ್‌ನಲ್ಲಿರುವುದು 75 ಪಿಎಸ್ ಶಕ್ತಿಯ, ಮಾಮೂಲಿ ವೇಸ್ಟ್‌ಗೇಟ್ ಟರ್ಬೊ ಇರುವ ಎಂಜಿನ್. 2011ರ ಎಸ್‌ಎಕ್ಸ್4 ಡೀಸೆಲ್, 2012ರ ಎರ್ಟಿಗಾದಲ್ಲಿರುವುದು 90 ಪಿಎಸ್‌ನದು. ಅದರ ಟರ್ಬೊದ ಒಳಗಿನ ರೆಕ್ಕೆಗಳು ವೇಗಕ್ಕೆ ತಕ್ಕಂತೆ ತಿರುಗುತ್ತವೆ, ಅದನ್ನು ಆಳುವ ಇಸಿಎಂ, ಅಂದರೆ ಎಂಜಿನ್ನಿನ ಕಂಪ್ಯೂಟರ್, ಬೇರೆ. ‘ಪವರ್ ಜಾಸ್ತಿ ಸಿಗುತ್ತೆ’ ಎಂದು 90ರ ಎಂಜಿನ್ನನ್ನು ಹಾಗೆಯೇ ತಂದು ಸ್ವಿಫ್ಟಿಗೆ ಕೂರಿಸಿದರೆ ಸ್ವಿಫ್ಟಿನ ಇಸಿಎಂಗೆ ಆ ಟರ್ಬೊವನ್ನು ಹೇಗೆ ನಡೆಸಬೇಕೆಂದು ತಿಳಿಯದು. ಚೆಕ್ ಲೈಟ್ ಉರಿಯುತ್ತದೆ, ಗಾಡಿ ಲಿಂಪ್ ಮೋಡಿಗೆ (ತಾನಾಗಿ ಶಕ್ತಿ ತಗ್ಗಿಸಿಕೊಳ್ಳುವ ಸ್ಥಿತಿಗೆ) ಹೋಗಿ ಚಾರ್ಮಾಡಿ ಘಾಟಿಯಲ್ಲಿ ಎರಡನೇ ಗೇರಿನಲ್ಲೇ ತೆವಳುತ್ತದೆ. ಇಂಜೆಕ್ಟರಿನ ವಿಷಯವೂ ಇಷ್ಟೇ. ಅದರ ಮೈಮೇಲೆ ಬಾಷ್‌ನ ಹತ್ತಂಕಿಯ ನಂಬರ್ ಕೊರೆದಿರುತ್ತದೆ, 0445110 ಎಂದು ಆರಂಭ. ಹತ್ತೂ ಅಂಕಿ ಕೂಡಿಬಂದರಷ್ಟೇ ಬಳಸಿ. ಕೂಡದಿದ್ದರೆ ನಿಮ್ಮ ಹಳೆಯ ಇಂಜೆಕ್ಟರುಗಳನ್ನು ಡೀಸೆಲ್ ಪಂಪ್ ರಿಪೇರಿಯವರಲ್ಲಿ ಬೆಂಚಿನ ಮೇಲೆ ಪರೀಕ್ಷೆ ಮಾಡಿಸಿ ಅವನ್ನೇ ಹಾಕಿಸಿಕೊಳ್ಳಿ.

ಬಿಎಸ್3, ಬಿಎಸ್4 ವ್ಯತ್ಯಾಸವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 2010ರ ಏಪ್ರಿಲ್‌ನಲ್ಲಿ ಬೆಂಗಳೂರು ಸೇರಿ 13 ನಗರಗಳಿಗೆ ಬಿಎಸ್4 ಬಂತು, ದೇಶಕ್ಕೆಲ್ಲ ಬಂದದ್ದು 2017ರ ಏಪ್ರಿಲ್‌ನಲ್ಲಿ. ಹಾಗಾಗಿ 2012ರ ಒಂದೇ ಮಾಡೆಲಿನ ಎರಡು ಕಾರು ಬೆಂಗಳೂರಿನಲ್ಲಿ ಒಂದು ತೆರ, ಸಣ್ಣ ಊರಿನಲ್ಲಿ ಇನ್ನೊಂದು ತೆರ ಇರಬಹುದು. ಹೊಗೆ ತಪಾಸಣೆಯಲ್ಲಿ ಹೊಗೆಯ ದಟ್ಟಣೆಯ ಮಿತಿ ಬಿಎಸ್4 ಡೀಸೆಲ್‌ಗೆ 1.62, ಅದಕ್ಕಿಂತ ಹಳೆಯದಕ್ಕೆ 2.45. ಬಿಎಸ್4 ಗಾಡಿಗೆ ಬಿಎಸ್3 ಎಂಜಿನ್ ಕೂರಿಸಿದರೆ ಓಡುತ್ತದೇನೋ ಸರಿ, ತಪಾಸಣೆಯಲ್ಲಿ ಸಿಕ್ಕಿಬೀಳಬಹುದು.

ಇಸಿಎಂ ಬಗ್ಗೆ ಒಂದು ಖಚಿತ ಮಾತು: ನಿಮ್ಮ ಗಾಡಿಯದನ್ನೇ ಇಟ್ಟುಕೊಳ್ಳಿ. ಮಾರುತಿಯ ಕೀಲಿಯೊಳಗೆ ಐಕ್ಯಾಟ್ಸ್ ಎಂಬ ಕಳ್ಳತನ ತಡೆಯುವ ಚಿಪ್ ಇರುತ್ತದೆ, ಅದು ಇಸಿಎಂಗೆ ಹೊಂದಿಕೊಂಡಿರುತ್ತದೆ. ಬೇರೆ ಗಾಡಿಯ ಇಸಿಎಂ ಹಾಕಿದರೆ ಎಂಜಿನ್ ಎಷ್ಟೇ ಚೆನ್ನಾಗಿದ್ದರೂ ಸ್ಟಾರ್ಟ್ ಆಗುವುದಿಲ್ಲ. ವೈರಿಂಗೂ ಸೆನ್ಸರುಗಳೂ ಹಳೆಯ ಎಂಜಿನ್ನಿನಿಂದಲೇ ಬರಲಿ. ಇಂಜೆಕ್ಟರಿನ ಮೇಲೆ ಕೋಡ್ ಇದ್ದು ಸ್ಕ್ಯಾನರ್ ಅದನ್ನು ಕೇಳಿದರೆ, ಯಾವ ಸಿಲಿಂಡರಿಗೆ ಯಾವ ಇಂಜೆಕ್ಟರ್ ಎಂದು ನೋಡಿ ಆಯಾ ಕೋಡನ್ನೇ ನಮೂದಿಸಬೇಕು.

ಇನ್ನು, ಎಂಜಿನ್ ಎಲ್ಲಿಂದ ಬಂತು? ಬೆಂಗಳೂರಿನ ಶಿವಾಜಿನಗರ, ಚೆನ್ನೈನ ಪುದುಪೇಟೆ, ಕೊಯಮತ್ತೂರಿನ ಉಕ್ಕಡಂ ಎಲ್ಲಿಗೇ ಹೋಗಿ, ‘ಆಕ್ಸಿಡೆಂಟ್ ಗಾಡಿದು, ಕಡಿಮೆ ಓಡಿರೋದು’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಅಪಘಾತದ ಗಾಡಿಯ ಎಂಜಿನ್ ಒಳ್ಳೆಯದೇ ಇರಬಹುದು. ಮುಂದಿನಿಂದ ಹೊಡೆತ ಬಿದ್ದಿದ್ದರೆ ಮೌಂಟಿನ ಕಿವಿ, ಬೆಲ್ಟ್ ಪುಲ್ಲಿ, ಸಂಪಿನ ಅಂಚು, ಗೇರ್‌ಬಾಕ್ಸ್ ಬೋಲ್ಟಿನ ಕಿವಿ, ಈ ನಾಲ್ಕನ್ನು ಬಟ್ಟೆಯಿಂದ ಒರೆಸಿ ಟಾರ್ಚ್ ಹಿಡಿದು ನೋಡಿದರೆ ಬಿರುಕು ಕಾಣುತ್ತದೆ. ಹಳದಿ ಬೋರ್ಡಿನ ಟ್ಯಾಕ್ಸಿಯ ಎಂಜಿನ್ ಆದರೆ ಮೂರು-ನಾಲ್ಕು ಲಕ್ಷ ಕಿ.ಮೀ. ಓಡಿರುವುದು ಅಪರೂಪವೇನಲ್ಲ. ದೆಹಲಿಯಲ್ಲಿ ಹತ್ತು ವರ್ಷ ಮೀರಿದ ಡೀಸೆಲ್ ಗಾಡಿಗಳಿಗೆ 2015ರಲ್ಲಿ ಹಸಿರು ನ್ಯಾಯಮಂಡಳಿ, 2018ರಲ್ಲಿ ಸುಪ್ರೀಂ ಕೋರ್ಟ್ ತಡೆ ಹಾಕಿದ ಮೇಲೆ ‘ದೆಹಲಿ ಮಾಲು’ ಎಂದು ಹೇಳಿ ಮಾರುವುದೂ ಇದೆ. ಮೀಟರಿನ ಓದನ್ನು ನಂಬುವುದಕ್ಕಿಂತ ಆ ಗಾಡಿಯ ನೋಂದಣಿ ಸಂಖ್ಯೆ ಕೇಳಿ, ವಾಹನ್ ಜಾಲತಾಣದಲ್ಲಿ ವರ್ಷವನ್ನೂ ಖಾಸಗಿಯೋ ಬಾಡಿಗೆಯೋ ಎಂಬುದನ್ನೂ ನೋಡಿಕೊಳ್ಳಿ. ನೋಂದಣಿ ಸಂಖ್ಯೆ ಹೇಳಲು ಹಿಂಜರಿಯುವವರ ಎಂಜಿನ್ ಬೇಡವೇ ಬೇಡ.

ಎಲ್ಲಕ್ಕಿಂತ ಅಪಾಯದ್ದು ನೆರೆಯಲ್ಲಿ ಮುಳುಗಿದ ಗಾಡಿಯ ಎಂಜಿನ್. 2015ರ ಡಿಸೆಂಬರಿನಲ್ಲಿ ಚೆನ್ನೈ, 2018ರ ಆಗಸ್ಟಿನಲ್ಲಿ ಕೇರಳ, 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಬೆಳ್ಳಂದೂರು ಕಡೆ ಸಾಲುಸಾಲು ಕಾರುಗಳು ನೀರಲ್ಲಿ ನಿಂತವು. ಅಂಥ ಗಾಡಿಯನ್ನು ಯಾರಾದರೂ ನೀರಿನಲ್ಲೇ ಸ್ಟಾರ್ಟ್ ಮಾಡಲು ನೋಡಿದ್ದರೆ ಸಿಲಿಂಡರಿಗೆ ನೀರು ಎಳೆದುಕೊಂಡು ಕನೆಕ್ಟಿಂಗ್ ರಾಡ್ ಬಾಗುತ್ತದೆ, ಯಾಕೆಂದರೆ ನೀರು ಗಾಳಿಯ ಹಾಗೆ ಅದುಮಿಸಿಕೊಳ್ಳುವುದಿಲ್ಲ. ಹೊರಗಿನಿಂದ ನೋಡಿದರೆ ಏನೂ ತಿಳಿಯದು, ಎಂಜಿನ್ ಸ್ಟಾರ್ಟ್ ಕೂಡ ಆಗುತ್ತದೆ, ಕೆಲವು ಸಾವಿರ ಕಿ.ಮೀ. ಆದಮೇಲೆ ರಾಡ್ ಮುರಿದು ಬ್ಲಾಕ್ ಒಡೆದುಕೊಂಡು ಹೊರಬರುತ್ತದೆ. ಇದನ್ನು ಕಂಡುಹಿಡಿಯಲು ದೊಡ್ಡ ಉಪಕರಣ ಬೇಡ. ಇಂಜೆಕ್ಟರ್ ಬಿಚ್ಚಿದ ತೂತಿನಲ್ಲಿ ತೆಳ್ಳಗಿನ ನೇರ ಕಂಬಿಯೊಂದನ್ನು ಪಿಸ್ಟನ್ ಮೇಲೆ ನಿಲ್ಲುವಂತೆ ಇಳಿಸಿ. ಕ್ರ್ಯಾಂಕ್ ಪುಲ್ಲಿಯನ್ನು ಪಾನದಿಂದ ನಿಧಾನ ತಿರುಗಿಸುತ್ತ ಕಂಬಿ ಅತಿ ಎತ್ತರಕ್ಕೆ ಏರಿದಾಗ ಅದರ ಮೇಲೆ ಗೆರೆ ಹಾಕಿ. ಒಂದು ಮತ್ತು ನಾಲ್ಕನೆಯದು ಒಟ್ಟಿಗೆ ಮೇಲೆ ಬರುತ್ತವೆ, ಎರಡು ಮತ್ತು ಮೂರು ಒಟ್ಟಿಗೆ. ನಾಲ್ಕೂ ಗೆರೆ ಒಂದೇ ಎತ್ತರದಲ್ಲಿರಬೇಕು. ಯಾವುದಾದರೂ ಒಂದು ಅರ್ಧ ಮಿ.ಮೀ.ಗಿಂತ ಕೆಳಗಿದ್ದರೆ ಅದರ ರಾಡ್ ಬಾಗಿದೆ ಎಂದೇ ತಿಳಿದು ಎದ್ದು ಬನ್ನಿ. ಜೊತೆಗೆ ಆಲ್ಟರ್ನೇಟರಿನ ಕಿಂಡಿಯೊಳಗೆ, ವೈರಿಂಗ್ ಪ್ಲಗ್ಗಿನ ಒಳಗೆ ನಯವಾದ ಕೆಸರಿನ ಪುಡಿ ಇದೆಯೇ ನೋಡಿ. ಎಂಜಿನ್ನಿನ ಮೈಯನ್ನು ಡೀಸೆಲ್ ಹಾಕಿ ತೊಳೆದರೂ ಅಲ್ಲಿಯ ಕೆಸರು ಹೋಗಿರುವುದಿಲ್ಲ.

ಒಳಗಿನ ಸವೆತ ಅರಿಯಲು ಎಣ್ಣೆಯೇ ಸಾಕ್ಷಿ. ಈ ಎಂಜಿನ್ನಿನ ಆಯಿಲ್ ಫಿಲ್ಟರ್ ಡಬ್ಬದಂಥದಲ್ಲ, ಪ್ಲಾಸ್ಟಿಕ್ ಮುಚ್ಚಳದೊಳಗೆ ಕೂರುವ ಕಾಗದದ ಫಿಲ್ಟರ್. ಮುಚ್ಚಳ ತಿರುಗಿಸಿ ಅದನ್ನು ಹೊರತೆಗೆದು, ಮಡಿಕೆಗಳನ್ನು ಬಿಸಿಲಿಗೆ ಹಿಡಿದು ಒಂದೊಂದಾಗಿ ಬಿಡಿಸಿ ನೋಡಿ. ಬರೀ ಕಪ್ಪು ಮಸಿ ಇದ್ದರೆ ಭಯವಿಲ್ಲ, ಡೀಸೆಲ್ ಎಣ್ಣೆ ಕಪ್ಪಾಗುವುದು ಸಹಜ. ತಾಮ್ರದ ಬಣ್ಣದ ಹೊಳೆಯುವ ಪುಡಿ ಕಂಡರೆ ಬೇರಿಂಗ್ ಕರಗುತ್ತಿದೆ. ಬೆಳ್ಳಗಿನ ಹೊಳಪು ಪಿಸ್ಟನ್ನಿನದೋ ಬೇರಿಂಗಿನ ಮೇಲ್ಪದರದ್ದೋ ಇರಬಹುದು. ಫಿಲ್ಟರೇ ಹೊಸದಾಗಿದ್ದು, ಎಣ್ಣೆಯೂ ಹೊಸದಾಗಿದ್ದರೆ ಇನ್ನಷ್ಟು ಅನುಮಾನಪಡಿ. ಗುಜರಿಯಲ್ಲಿರುವ ಎಂಜಿನ್ನಿಗೆ ಹೊಸ ಎಣ್ಣೆ ಹಾಕುವ ಕಾರಣ ಏನಿದೆ? ಎಣ್ಣೆ ಹಾಕುವ ಮುಚ್ಚಳದ ಅಡಿಯಲ್ಲಿ ಕಾಫಿಗೆ ಹಾಲು ಬೆರೆತಂಥ ಬಣ್ಣ ಕಂಡರೆ ನೀರು ಸೇರಿದೆ, ಹೆಡ್ ಗ್ಯಾಸ್ಕೆಟ್ ಅಥವಾ ಹೆಡ್ ಹೋಗಿರಬಹುದು.

ಗೇರ್‌ಬಾಕ್ಸ್ ಸಮೇತ ಇರುವ ಎಂಜಿನ್ ಸಿಕ್ಕರೆ ಅದು ಅನುಕೂಲ. ಸ್ಟಾರ್ಟರ್ ಮೋಟಾರು ಅದರಲ್ಲಿರುವುದರಿಂದ ಬ್ಯಾಟರಿ ಕೊಟ್ಟು ತಿರುಗಿಸಬಹುದು, ಗ್ಲೋ ಪ್ಲಗ್ ತೂತಿಗೆ ಡೀಸೆಲ್ ಗೇಜ್ ಹಾಕಿ ಕಂಪ್ರೆಷನ್ ನೋಡಬಹುದು. ತಣ್ಣಗಿನ ಎಂಜಿನ್ನಿನಲ್ಲಿ ಅಂಕಿ ಎಷ್ಟು ಬಂತು ಎನ್ನುವುದಕ್ಕಿಂತ ನಾಲ್ಕರ ನಡುವೆ ಎಷ್ಟು ಅಂತರ ಎಂಬುದು ಮುಖ್ಯ, ಹತ್ತು ಶೇಕಡಾ ಮೀರಿದರೆ ಬೇಡ. ಬರೀ ಎಂಜಿನ್ ಆದರೆ ಕಂಪ್ರೆಸರಿನ ಗಾಳಿ ಕೊಟ್ಟು ನೋಡುವ ವಿಧಾನ ಇನ್ನೂ ಒಳ್ಳೆಯದು. ಪಿಸ್ಟನ್ನನ್ನು ಮೇಲಕ್ಕೆ ತಂದು, ಆ ಸಿಲಿಂಡರಿನ ಎಲ್ಲ ವಾಲ್ವ್ ಮುಚ್ಚಿರುವಾಗ ಐದು ಬಾರ್ ಗಾಳಿ ಬಿಟ್ಟು ಕಿವಿಗೊಡಿ. ಟರ್ಬೊ ಕಡೆಯಿಂದ ಸುಯ್ಯೆಂದರೆ ಎಕ್ಸಾಸ್ಟ್ ವಾಲ್ವ್, ಇನ್‌ಟೇಕ್ ಪೈಪಿನಿಂದ ಬಂದರೆ ಇನ್‌ಟೇಕ್ ವಾಲ್ವ್, ಡಿಪ್‌ಸ್ಟಿಕ್ ತೂತಿನಿಂದ ಜೋರಾಗಿ ಬಂದರೆ ಉಂಗುರ ಸವೆದಿದೆ. ಎಂಜಿನ್ ಓಡುವಾಗ ‘ಬ್ಯಾಕ್ ಕಂಪ್ರೆಷನ್’ ಎಂದು ನಾವು ಹೇಳುವುದು ಇದನ್ನೇ. ಟರ್ಬೊದ ಚಕ್ರವನ್ನು ಬೆರಳಲ್ಲಿ ಹಿಡಿದು ಅಲ್ಲಾಡಿಸಿ. ಪಕ್ಕಕ್ಕೆ ಕೂದಲೆಳೆಯಷ್ಟು ಆಡಿದರೆ ಪರವಾಗಿಲ್ಲ, ಒಳಗೆ-ಹೊರಗೆ ಜಗ್ಗಬಾರದು, ರೆಕ್ಕೆ ಗೋಡೆಗೆ ತಾಗಬಾರದು.

ಇಷ್ಟೆಲ್ಲ ಬಿಚ್ಚಲು ಗುಜರಿಯವರು ಒಪ್ಪುತ್ತಾರೆಯೇ? ಎಲ್ಲರೂ ಒಪ್ಪುವುದಿಲ್ಲ. ಒಪ್ಪದಿದ್ದರೆ ‘ಚೆಕ್ಕಿಂಗ್ ಗ್ಯಾರಂಟಿ’ಯನ್ನು ಬಾಯಿಮಾತಿನಲ್ಲಿ ಬಿಡದೆ ಬಿಲ್ಲಿನ ಮೇಲೆ ಬರೆಸಿಕೊಳ್ಳಿ: ಎಷ್ಟು ದಿನ, ಕೂಲಿ ಯಾರದು, ಹಣ ವಾಪಸೋ ಬದಲಿ ಎಂಜಿನ್ನೋ. ಕೂರಿಸಿ ಇಳಿಸುವ ಕೂಲಿಯೇ ದೊಡ್ಡ ಮೊತ್ತವಾದ್ದರಿಂದ ಈ ಒಂದು ಸಾಲಿನ ಮೇಲೆ ಬಹಳ ಜಗಳಗಳಾಗುತ್ತವೆ.

ಎಂಜಿನ್ ಕೈಗೆ ಬಂದಮೇಲೆ ಹಾಗೇ ಏರಿಸುವ ಆತುರ ಬೇಡ. ಹೊರಗಿರುವಾಗಲೇ ಚೈನ್, ಟೆನ್ಷನರ್, ಗೈಡು, ಹಲ್ಲುಚಕ್ರ ಸಮೇತ ಪೂರ್ತಿ ಕಿಟ್ ಹೊಸದು ಹಾಕಿಸಿ. ಈ ಎಂಜಿನ್ನಿನ ಚೈನ್ ಒಂಟಿ ಸಾಲಿನದು, ಅದನ್ನು ಬಿಗಿ ಹಿಡಿಯುವ ಟೆನ್ಷನರ್ ನಡೆಯುವುದು ಎಣ್ಣೆಯ ಒತ್ತಡದಿಂದ. ಎಣ್ಣೆ ಕಡಿಮೆಯಾದರೆ, ಹಳಸಿದರೆ ಚೈನ್ ಸಡಿಲವಾಗಿ ಬೆಳಗಿನ ಮೊದಲ ಸ್ಟಾರ್ಟಿನಲ್ಲಿ ಗಲಗಲ ಸದ್ದು ಬರುತ್ತದೆ. ಹಲ್ಲು ಹಾರಿದರೆ ವಾಲ್ವ್ ಪಿಸ್ಟನ್ನಿಗೆ ಬಡಿದು ರಾಕರ್‌ಗಳು ಮುರಿಯುತ್ತವೆ. ಎಷ್ಟು ಓಡಿದೆ ಎಂದು ಗೊತ್ತಿಲ್ಲದ ಎಂಜಿನ್ನಿನ ಹಳೆಯ ಚೈನನ್ನು ಉಳಿಸಿಕೊಳ್ಳುವುದು ಉಳಿತಾಯವಲ್ಲ. ಟೈಮಿಂಗ್ ಕೂರಿಸಲು ಕ್ಯಾಮಿಗೂ ಫ್ಲೈವೀಲಿಗೂ ಲಾಕಿಂಗ್ ಪಿನ್ ಬೇಕು. ಪೇಂಟಿನ ಗುರುತು ಹಾಕಿಕೊಂಡು ಅಂದಾಜಿನಲ್ಲಿ ಕೂರಿಸುವ ಗ್ಯಾರೇಜಿಗೆ ಈ ಕೆಲಸ ಕೊಡಬೇಡಿ. ಇದರ ಜೊತೆಗೆ ಕ್ರ್ಯಾಂಕಿನ ಹಿಂದಿನ-ಮುಂದಿನ ಆಯಿಲ್ ಸೀಲು, ವಾಟರ್ ಪಂಪ್, ಥರ್ಮೋಸ್ಟ್ಯಾಟ್, ಇಂಜೆಕ್ಟರಿನ ತಾಮ್ರದ ವಾಷರುಗಳು. ವಾಷರ್ ಹಳೆಯದನ್ನೇ ಹಾಕಿದರೆ ಅಲ್ಲಿಂದ ಹೊಗೆ ಸೋರಿ ಇಂಜೆಕ್ಟರಿನ ಸುತ್ತ ಡಾಂಬರಿನಂತೆ ಗಟ್ಟಿಯಾಗುತ್ತದೆ, ಮುಂದಿನ ಸಲ ಇಂಜೆಕ್ಟರ್ ಕೀಳಲು ಹೋದರೆ ಹೆಡ್ಡೇ ಹಾಳು.

ಹಳೆಯ ಎಂಜಿನ್ ಏಕೆ ಸತ್ತಿತು ಎಂಬುದನ್ನೂ ಮರೆಯಬಾರದು. ಬೇರಿಂಗ್ ಹಿಡಿದು ಸತ್ತಿದ್ದರೆ ಅದರ ಆಯಿಲ್ ಕೂಲರಿನೊಳಗೆ ಲೋಹದ ಪುಡಿ ತುಂಬಿರುತ್ತದೆ, ಅದನ್ನು ಹೊಸ ಎಂಜಿನ್ನಿಗೆ ಜೋಡಿಸಿದರೆ ರೋಗವನ್ನೂ ಜೋಡಿಸಿದಂತೆ. ಟರ್ಬೊ ಒಡೆದಿದ್ದರೆ ಇಂಟರ್‌ಕೂಲರ್ ಬಿಚ್ಚಿ ಸೀಮೆಎಣ್ಣೆ ಹಾಕಿ ತೊಳೆದು, ಪೂರ್ತಿ ಒಣಗಿಸಿ. ಒಳಗೆ ನಿಂತ ಎಣ್ಣೆಯನ್ನು ಎಂಜಿನ್ ಎಳೆದುಕೊಂಡರೆ ಕೀಲಿ ತೆಗೆದರೂ ನಿಲ್ಲದೆ ತಾನೇ ಜೋರಾಗಿ ಓಡುತ್ತ ಹೋಗುತ್ತದೆ. ಮೊದಲ ಸ್ಟಾರ್ಟಿಗೆ ಮುನ್ನ ಇಂಜೆಕ್ಟರಿನ ಪ್ಲಗ್ ಕಳಚಿ, ಟರ್ಬೊದ ಎಣ್ಣೆ ಪೈಪಿಗೆ ನಾಲ್ಕು ಹನಿ ಎಣ್ಣೆ ಬಿಟ್ಟು, ಆಯಿಲ್ ಲೈಟ್ ಆರುವವರೆಗೆ ಹತ್ತು ಹತ್ತು ಸೆಕೆಂಡಿನಂತೆ ಸ್ಟಾರ್ಟರ್ ತಿರುಗಿಸಬೇಕು. ಸಾವಿರ ಕಿ.ಮೀ.ಗೆ ಎಣ್ಣೆ ಮತ್ತು ಫಿಲ್ಟರ್ ಬದಲಿಸಿ, ಆ ಫಿಲ್ಟರನ್ನೂ ಬಿಸಿಲಿಗೆ ಹಿಡಿದು ನೋಡಿ.

ಪೆಟ್ರೋಲ್ ಗಾಡಿಯವರಿಗೂ ಎರಡು ಮಾತು. ಓಮ್ನಿ ಮತ್ತು ಮಾರುತಿ 800 ಎರಡರಲ್ಲೂ ಇರುವುದು 796 ಸಿಸಿಯ ಎಫ್8ಬಿ. ಆದರೆ 800ರಲ್ಲಿ ಅದು ಅಡ್ಡಲಾಗಿ ಕೂತು ಮುಂದಿನ ಚಕ್ರ ತಿರುಗಿಸುತ್ತದೆ, ಓಮ್ನಿಯಲ್ಲಿ ಸೀಟಿನ ಕೆಳಗೆ ಉದ್ದಕ್ಕೆ ಮಲಗಿ ಹಿಂದಿನ ಚಕ್ರ ತಿರುಗಿಸುತ್ತದೆ. 800ರ ಎಂಜಿನ್ ತಂದರೆ ಸಂಪ್, ಎಣ್ಣೆ ಹೀರುವ ಸ್ಟ್ರೈನರ್, ಮೌಂಟು, ಮ್ಯಾನಿಫೋಲ್ಡ್ ಓಮ್ನಿಯದೇ ಹಾಕಬೇಕು. ಸ್ಟ್ರೈನರ್ ಬದಲಿಸದೆ ಕೂರಿಸಿದರೆ ಏರಿನಲ್ಲಿ ಎಣ್ಣೆ ಸಿಗದೆ ಬೇರಿಂಗ್ ಹೋಗುತ್ತದೆ. ಆಲ್ಟೊದ ಎಫ್8ಡಿ ಕೂಡ 796 ಸಿಸಿಯೇ, ಆದರೆ ಅದು 12 ವಾಲ್ವಿನದು, ಅದರ ಸಹವಾಸ ಬೇಡ. ಕಾರ್ಬುರೇಟರ್ ಗಾಡಿಗೆ ಕಾರ್ಬುರೇಟರಿನದೇ ಎಂಜಿನ್, ಎಂಪಿಎಫ್‌ಐಗೆ (ಇಂಜೆಕ್ಟರಿನಿಂದ ಪೆಟ್ರೋಲ್ ಬಿಡುವ ಗಾಡಿಗೆ) ಎಂಪಿಎಫ್‌ಐ. ನಮ್ಮ ಅಭಿಪ್ರಾಯ ಕೇಳಿದರೆ, ಎಫ್8ಬಿಗೆ ಗುಜರಿಯ ದಾರಿಯೇ ಅನಗತ್ಯ. ಬ್ಲಾಕ್ ಒಡೆದಿಲ್ಲವೆಂದರೆ ಲೇತಿನವರಲ್ಲಿ ಬೋರ್ ಮಾಡಿಸಿ ಓವರ್‌ಸೈಜ್ ಪಿಸ್ಟನ್ ಹಾಕಿಸಿದ ಸ್ವಂತ ಎಂಜಿನ್ನೇ ಮೇಲು. ಡೀಸೆಲ್‌ನಲ್ಲೂ ರಾಡ್ ಹೊರಬಂದು ಬ್ಲಾಕ್ ಒಡೆದಿದ್ದರೆ, ಕ್ರ್ಯಾಂಕ್ ಉಜ್ಜಿ ಸರಿಮಾಡಲಾಗದಷ್ಟು ಹೋಗಿದ್ದರೆ ಮಾತ್ರ ಬದಲಿ ಎಂಜಿನ್ ಹುಡುಕಿ.

ಕೊನೆಯದಾಗಿ ಕಾಗದಪತ್ರ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಎಂಜಿನ್ ಬದಲಾದರೆ ಅದು ಆರ್‌ಸಿಯಲ್ಲಿ ದಾಖಲಾಗಬೇಕು, 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಮೊದಲೇ ಅರ್ಜಿ ಕೊಟ್ಟು ಒಪ್ಪಿಗೆ ಪಡೆಯುವುದು ಕ್ಷೇಮ. ಸಾಲದ ಗಾಡಿಯಾದರೆ ಫೈನಾನ್ಸಿನವರ ಲಿಖಿತ ಒಪ್ಪಿಗೆಯೂ ಬೇಕು. ತಯಾರಕರು ಕೊಟ್ಟ ವಿವರಕ್ಕೆ ವಿರುದ್ಧವಾಗಿ ಗಾಡಿಯನ್ನು ಮಾರ್ಪಡಿಸುವಂತಿಲ್ಲ ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ, ಆದ್ದರಿಂದ ಅದೇ ಇಂಧನ, ಅದೇ ಸಿಸಿ, ಅದೇ ಜಾತಿಯ ಎಂಜಿನ್ನೇ ಇರಲಿ. ಎಫ್‌ಸಿ ದಿನ ಬ್ರೇಕ್ ಇನ್‌ಸ್ಪೆಕ್ಟರ್ ಬಗ್ಗಿ ನಂಬರ್ ನೋಡಿದಾಗ ಆರ್‌ಸಿಗೂ ಬ್ಲಾಕಿಗೂ ತಾಳೆಯಾಗದಿದ್ದರೆ ಗಾಡಿ ಅಲ್ಲೇ ನಿಲ್ಲುತ್ತದೆ. ಅಪಘಾತವಾದರೆ ವಿಮೆಯ ಸರ್ವೇಯರ್ ಕೂಡ ಇದನ್ನೇ ನೋಡುತ್ತಾರೆ, ಹಾಗಾಗಿ ಪಾಲಿಸಿಯಲ್ಲೂ ನಂಬರ್ ತಿದ್ದಿಸಿ. ‘ಹಳೇ ನಂಬರನ್ನೇ ಪಂಚ್ ಮಾಡಿಕೊಡ್ತೀವಿ’ ಎನ್ನುವವರಿಗೆ ಎಂದೂ ಒಪ್ಪಬೇಡಿ. ಅದು ಅಪರಾಧ. ಉಜ್ಜಿ ಅಳಿಸಿದ ನಂಬರನ್ನು ಆಮ್ಲ ಹಚ್ಚಿ ಮತ್ತೆ ಓದುವ ವಿದ್ಯೆ ವಿಧಿವಿಜ್ಞಾನ ಪ್ರಯೋಗಾಲಯದವರಿಗೆ ಗೊತ್ತಿದೆ. ಕೊಳ್ಳುವ ಮುನ್ನ ಆ ಎಂಜಿನ್ ನಂಬರನ್ನು ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ‘ವಾಹನ್ ಸಮನ್ವಯ’ ತಾಣದಲ್ಲಿ ಹಾಕಿ ಕಳವಿನ ಮಾಲಲ್ಲ ಎಂದು ನೋಡಿಕೊಳ್ಳಿ.

ಸಾರಿಗೆ ಇಲಾಖೆಯಲ್ಲಿ ನಮ್ಮ ಬೇಡಿಕೆ ಎರಡು. ಎಂಜಿನ್ ಬದಲಾವಣೆಗೆ ಯಾವ ಅರ್ಜಿ, ಯಾವ ದಾಖಲೆ, ಎಷ್ಟು ಶುಲ್ಕ ಎಂಬುದನ್ನು ಪ್ರತಿ ಆರ್‌ಟಿಒ ಕಚೇರಿಯ ಗೋಡೆಯ ಮೇಲೆ ಕನ್ನಡದಲ್ಲಿ ಬರೆಸಲಿ. ಈಗ ಇದನ್ನು ತಿಳಿಯಲೆಂದೇ ಜನ ಏಜೆಂಟರ ಬೆನ್ನು ಹತ್ತಬೇಕಾಗಿದೆ. ಹಾಗೆಯೇ, 2021ರ ವಾಹನ ಗುಜರಿ ನಿಯಮಗಳಡಿ ನೋಂದಾಯಿತ ಕೇಂದ್ರಗಳಲ್ಲಿ ಗಾಡಿ ಕಳಚಿದಾಗ ಪ್ರಮಾಣಪತ್ರ ಕೊಡುವ ವ್ಯವಸ್ಥೆ ಇದೆಯಲ್ಲ, ಬಿಡಿಯಾಗಿ ಮಾರುವ ಪ್ರತಿ ಎಂಜಿನ್ನಿನ ಬಿಲ್ಲಿನಲ್ಲೂ ಎಂಜಿನ್ ನಂಬರ್, ಮೂಲ ಗಾಡಿಯ ನೋಂದಣಿ ಸಂಖ್ಯೆ, ಆ ಪ್ರಮಾಣಪತ್ರದ ಸಂಖ್ಯೆ ಈ ಮೂರೂ ಇರಲೇಬೇಕೆಂದು ಕಡ್ಡಾಯ ಮಾಡಲಿ. ಅದು ಆಗುವವರೆಗೆ ಕೊಳ್ಳುವವರೇ ಈ ಮೂರನ್ನು ಕೇಳಿ ಬರೆಸಿಕೊಳ್ಳಬೇಕು, ಬಿಲ್ಲಿನ ನಂಬರನ್ನು ಬ್ಲಾಕಿನ ಮೇಲಿನ ನಂಬರಿಗೆ ಅಕ್ಷರ ಅಕ್ಷರ ಹೋಲಿಸಿದ ಮೇಲೆಯೇ ಬಾಕಿ ಹಣ ಕೊಡಬೇಕು.

ಇಂತಿ,
ಡೀಸೆಲ್ ಎಂಜಿನ್ ಕೆಲಸದ ಮೆಕ್ಯಾನಿಕ್‌ಗಳು,
ಹಾಸನ